ಒಂದೇ ಚೀಲಕ್ಕೆ ಸುರಿದ ದಿನಗಳು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಅಜ್ಜ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರು. ಅವ್ವ ಶಾಲೆಯ ಮೆಟ್ಟಿಲು ಹತ್ತಿದ್ದು ನನ್ನನ್ನು ಸೇರಿಸುವ ದಿನ ಮಾತ್ರ. ಜೀಪಿನಲ್ಲಿ ಇಪ್ಪತ್ತು ಜನರ ನಡುವೆ ಒತ್ತಿಕೊಂಡು ನಿಂತು, ಸುಂಟಿಕೊಪ್ಪದ ಕಡೆಯ ತೋಟಗಳಿಗೆ ಕೂಲಿಗೆ ಹೋಗಿ ಅವಳು ನನ್ನನ್ನು ಓದಿಸಿದಳು. ನಾನು ಬಿ.ಎ. ಮುಗಿಸಿ, ಮೈಸೂರಿನಲ್ಲಿ ಹಾಸ್ಟೆಲಿನ ನೀರು ಸಾರು ಉಂಡು ಸಮಾಜಕಾರ್ಯದಲ್ಲಿ ಇನ್ನೊಂದು ಡಿಗ್ರಿ ತೆಗೆದುಕೊಂಡೆ.

ಆ ಡಿಗ್ರಿಗೆ ಸಿಕ್ಕಿದ್ದು ತಿತಿಮತಿ ಕಡೆಯ ಒಂದು ಕಾಫಿ ಎಸ್ಟೇಟಿನ ಕೆಲಸ. ವೆಲ್‌ಫೇರ್ ಅಸಿಸ್ಟೆಂಟ್ ಎಂದು ಹೆಸರು. ಕಾಯಿಲೆ ಬಿದ್ದರೆ ಎಷ್ಟು ರಜೆ, ಆಸ್ಪತ್ರೆ ಖರ್ಚು ಯಾರದು, ಮರದಿಂದ ಬಿದ್ದರೆ ಏನು, ಹೆರಿಗೆಗೆ ಏನು ಎಂದು ಕೆಲಸಗಾರರಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳಬೇಕು. ಅರ್ಜಿ ತುಂಬಿಸಿ ಹೆಡ್ಡಾಫೀಸಿಗೆ ಕಳಿಸಬೇಕು. ಕೆಲಸ ಕಾಯಂ ಆಗಿರಲಿಲ್ಲ. ಎರಡು ವರ್ಷ ನೋಡಿ ಹೇಳುತ್ತೇವೆ ಎಂದಿದ್ದರು.

ಮೊದಲ ವರ್ಷದ ಡಿಸೆಂಬರಿನಲ್ಲಿ, ಕಾಫಿ ಕುಯ್ಲು ಶುರುವಾಗುವ ಮುಂಚೆ, ಕೂಲಿ ಲೈನಿನ, ಅಂದರೆ ಕೆಲಸಗಾರರ ಸಾಲುಮನೆಗಳ, ಹೆಂಗಸರನ್ನೆಲ್ಲ ಶಿಶುವಿಹಾರದ ಜಗಲಿಯಲ್ಲಿ ಕೂರಿಸಿ ಒಂದು ಸಭೆ ಮಾಡಿದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದ ಚಾರ್ಟು. ಹಿಂದಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ಕೆಲಸ ಮಾಡಿದ್ದರೆ ಹೆರಿಗೆ ರಜೆ. ಇಪ್ಪತ್ತಾರು ವಾರ, ಪೂರ್ತಿ ಸಂಬಳದೊಂದಿಗೆ. ಅದರಲ್ಲಿ ಎಂಟು ವಾರ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಎಂಬತ್ತು ಎಂಬ ಅಂಕಿಯ ಸುತ್ತ ಕೆಂಪು ಗೆರೆ ಎಳೆದಿದ್ದೆ.

ಹುಣಸೂರಿನ ಕಡೆಯ ಒಬ್ಬ ಅಜ್ಜಿ ಮುಂದೆಯೇ ಕೂತಿದ್ದಳು. ಲೈನಿನಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಬಾಯಿ ಜೋರು.

"ಎಂಬತ್ತು ದಿನ ಕೆಲ್ಸ ಮಾಡುದ್ರೆ ಕಂಪ್ನಿಯವ್ರೇ ಕೂಸು ಕೊಟ್ಟಾರಾ ಮೇಡಮ್ಮ?"

"ನಿಂಗ್ಯಾಕಜ್ಜಿ ಈಗ ಕೂಸು?" ಎಂದು ಹಿಂದಿನಿಂದ ಯಾರೋ.

"ನಂಗಲ್ಲ ಕಣೇ, ನಮ್ ರೈಟ್ರಿಗೆ. ಮದ್ವೆಯಾಗಿ ಹತ್ತು ವರ್ಸ ಆಯ್ತು, ಆ ಪುಸ್ತಕ ತಬ್ಕೊಂಡೇ ಮಲಗ್ತದೆ ಆ ಮನ್ಸ!"

ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ರೈಟರ್ ಅಂದರೆ ಎಸ್ಟೇಟಿನ ಹಾಜರಿ, ತೂಕ ಎಲ್ಲ ಬರೆದಿಡುವ ಗುಮಾಸ್ತ. ನಗು ಮುಗಿದ ಮೇಲೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು, ಶಾಲೆಯಲ್ಲಿ ಎತ್ತುವ ಹಾಗೆ. ಪಿರಿಯಾಪಟ್ಟಣದ ಕಡೆಯವಳು. ಆ ವರ್ಷ ಮದುವೆಯಾಗಿ ಲೈನಿಗೆ ಬಂದು, ಆಷಾಢಕ್ಕೆ ತವರಿಗೆ ಹೋಗಿ, ಸೆಪ್ಟೆಂಬರಿನಿಂದ ಕೆಲಸಕ್ಕೆ ಹತ್ತಿದ್ದಳು. ಇಪ್ಪತ್ತೊಂದು ವಯಸ್ಸು, ಎಸ್ಸೆಸ್ಸೆಲ್ಸಿ ಪಾಸು.

"ಎಂಬತ್ತು ದಿನ ಅಂದ್ರೆ ನಾವು ಕೆಲ್ಸಕ್ಕೆ ಬಂದಿದ್ದಾ ಅಕ್ಕ, ಇಲ್ಲಾ ಪುಸ್ತಕದಲ್ಲಿ ಬರ್ದಿದ್ದಾ?"

"ಎರಡೂ ಒಂದೇ ಅಲ್ವೇನಮ್ಮ" ಎಂದೆ.

ಆಮೇಲೆ ಆಸ್ಪತ್ರೆಯ ಚೀಟಿಯ ವಿಷಯಕ್ಕೆ ಹೋದೆ. ಅಷ್ಟು ಸರಿಯಾದ ಪ್ರಶ್ನೆಯನ್ನು ಆ ದಿನ ಬೇರೆ ಯಾರೂ ಕೇಳಲಿಲ್ಲ. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ತಪ್ಪು ಎಂದು ತಿಳಿಯುವುದಕ್ಕೆ ಬೇಕಾದದ್ದೆಲ್ಲ ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು ಎಂಬುದು ಇನ್ನೊಂದು ಮಾತು.

ಕುಯ್ಲಿನಲ್ಲಿ ದಿನಗೂಲಿಯಿಲ್ಲ, ಕಿಲೋ ಲೆಕ್ಕ. ಸಂಜೆ ನಾಲ್ಕರ ಹೊತ್ತಿಗೆ ಎಲ್ಲರೂ ಚೀಲ ಹೊತ್ತು ತೋಟದ ರಸ್ತೆಗೆ ಬರುತ್ತಾರೆ. ತಕ್ಕಡಿಗೆ ಸಿಕ್ಕಿಸಿದ ಚೀಲದ ತೂಕವನ್ನು ರೈಟರ್ ಹೆಸರಿನ ಮುಂದೆ ಬರೆಯುತ್ತಾರೆ. ಆ ಎರಡು ಮೂರು ತಿಂಗಳು ತೂಕವೇ ಹಾಜರಿ. ತೂಕ ಬರೆಸದವರಿಗೆ ಆ ದಿನ ಇಲ್ಲ. ಇಷ್ಟು ಕಿಲೋ ದಾಟಿದ ಮೇಲೆ ಪ್ರತಿ ಕಿಲೋಗೂ ರೇಟು ಜಾಸ್ತಿ. ಅದಕ್ಕೇ ಗಂಡ ಹೆಂಡತಿ ಬೇರೆ ಬೇರೆ ತೂಗಿಸುವುದಿಲ್ಲ. ಹೆಂಡತಿ ತನ್ನ ಕಾಫಿಯನ್ನು ಗಂಡನ ಚೀಲಕ್ಕೆ ಸುರಿಯುತ್ತಾಳೆ, ಗಂಡನ ಹೆಸರಿಗೆ ಬರೆಸುತ್ತಾರೆ. ಜೋಡಿ ಚೀಲ ಎನ್ನುತ್ತಾರೆ. ಮನೆಗೆ ಬರುವುದು ಹೇಗೂ ಒಂದೇ, ಅದೂ ಸ್ವಲ್ಪ ಹೆಚ್ಚೇ. ಯಾರೂ ಬಚ್ಚಿಟ್ಟು ಮಾಡುವುದಲ್ಲ. ರೈಟರ್ ಕಣ್ಣೆದುರೇ ನಡೆಯುತ್ತದೆ.

ನಾನು ಆ ಜನವರಿಯಲ್ಲಿ ದಿನಾ ಸಂಜೆ ಅಲ್ಲಿ ನಿಂತಿರುತ್ತಿದ್ದೆ. ಆ ಹುಡುಗಿ ತನ್ನ ಚೀಲವನ್ನು ಮೊಣಕಾಲಿನಿಂದ ಎತ್ತಿ ಗಂಡನ ಚೀಲಕ್ಕೆ ಸುರಿಯುವುದನ್ನು ಎಷ್ಟು ಸಲ ನೋಡಿದ್ದೇನೋ. ಒಂದು ಸಲವೂ ಏನೂ ಅನ್ನಿಸಲಿಲ್ಲ. ಹೇಗೆ ಅನ್ನಿಸಬೇಕು? ಭಾನುವಾರಗಳಂದು ಅವ್ವನ ಜೊತೆ ತೋಟಕ್ಕೆ ಹೋದಾಗ ಅಪ್ಪನ ಚೀಲದ ಬಾಯಿ ಅಗಲಿಸಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಅವ್ವ ಸುರಿಯುತ್ತಿದ್ದಳು. ಹಣ್ಣಿನ ಅಂಟು, ಕೆಂಪಿರುವೆ ಎಲ್ಲ ಸೇರಿ ನನ್ನ ಮುಂಗೈ ಮೇಲೆ ಬೀಳುತ್ತಿತ್ತು. ಕೂಲಿಯವರ ಮಗಳಾದ ನನಗೆ ಅದು ಉಸಿರಾಡಿದಷ್ಟೇ ಸಹಜ. ಪಟ್ಟಣದಲ್ಲಿ ಹುಟ್ಟಿದ ಯಾರಾದರೂ ಆ ಕೆಲಸದಲ್ಲಿ ಇದ್ದಿದ್ದರೆ ಮೊದಲ ದಿನವೇ "ಆ ಹುಡುಗಿಯ ತೂಕ ಎಲ್ಲಿ?" ಎಂದು ಕೇಳುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಕೂಲಿಯವರ ಕಷ್ಟ ಅವರಲ್ಲಿ ಒಬ್ಬಳಾದ ನನಗೆ ಗೊತ್ತು ಎಂಬ ಹೆಮ್ಮೆಯಿಂದ ನಾನು ಆ ಕೆಲಸಕ್ಕೆ ಬಂದಿದ್ದೆ.

ಮಾರ್ಚಿ ಕೊನೆಗೆ ಕುಯ್ಲು ಮುಗಿದು, ಎಸ್ಟೇಟಿನಲ್ಲಿ ಊಟ ಹಾಕಿಸಿದರು. ಹಂದಿ ಕರಿ, ತಿನ್ನದವರಿಗೆ ಕೋಳಿ. ಎಲ್ಲರಿಗಿಂತ ಹೆಚ್ಚು ಕುಯ್ದವನಿಗೆ ಒಂದು ಸ್ಟೀಲ್ ಹಂಡೆ, ಶಾಲು. ಆ ವರ್ಷ ಅದು ಸಿಕ್ಕಿದ್ದು ಆ ಹುಡುಗಿಯ ಗಂಡನಿಗೆ. ಒಳ್ಳೆಯ ಹುಡುಗ, ಕುಡಿತವಿಲ್ಲ, ಕೈ ಚುರುಕು. ಶಾಲು ಹೊದ್ದು, ಹಂಡೆಯನ್ನು ತಬ್ಬಿಕೊಂಡು ನಿಂತ. ನಾನು ಫೋಟೋ ತೆಗೆದು ನನ್ನ ವರದಿಗೆ ಅಂಟಿಸಿ ಹೆಡ್ಡಾಫೀಸಿಗೆ ಕಳಿಸಿದೆ. ಅವಳು ಹಿಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ನಾಲ್ಕು ತಿಂಗಳಾಗಿತ್ತು. ಮಾಂಸದ ವಾಸನೆ ಆಗುತ್ತಿರಲಿಲ್ಲ.

ಮೇ ಕೊನೆಯಲ್ಲಿ ಅವಳು ತಾಯಿ ಕಾರ್ಡು ಹಿಡಿದು ಆಫೀಸಿಗೆ ಬಂದಳು. ಆಗಸ್ಟ್ ಕೊನೆಗೆ ಹೆರಿಗೆ ಎಂದು ಬರೆದಿದ್ದರು.

"ಜುಲೈ ಮೊದ್ಲಿಂದ ರಜೆ ಬರೀರಿ ಅಕ್ಕ. ಎಂಟು ವಾರ ಮುಂಚೆ ಅಂದಿದ್ರಲ್ಲ."

ನೆನಪಿಟ್ಟುಕೊಂಡಿದ್ದಾಳೆ ಎಂದು ನನಗೆ ಖುಷಿಯಾಯಿತು. ಅರ್ಜಿ ತೆಗೆದು, ದಿನ ಎಷ್ಟಾಗಿದೆ ನೋಡಲು ರೈಟರ್ ಮೇಜಿಗೆ ಹೋದೆ. ರೈಟರ್ ವಿರಾಜಪೇಟೆಯವರು. ಮನೆ ಮಾತು ಮಲಯಾಳ, ಆದರೆ ಲೈನಿನ ಎಲ್ಲ ಭಾಷೆಯಲ್ಲೂ ಬೈಯಬಲ್ಲರು. ಪುಟ ತಿರುವುತ್ತಾ ಹೋದರು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಲವತ್ತೊಂಬತ್ತು ದಿನ. ಕುಯ್ಲಿನಲ್ಲಿ ನಾಲ್ಕು ದಿನ. ಆಮೇಲೆ ಏಪ್ರಿಲ್, ಮೇ ಸೇರಿ ಹತ್ತು. ನಡುವೆ ವಾಂತಿಯಾಗಿ ಮಲಗಿದ್ದಾಗ ಕಾಯಿಲೆ ರಜೆಯೆಲ್ಲ ಮುಗಿದಿತ್ತು, ಅದು ಕೆಲಸದ ದಿನಕ್ಕೆ ಸೇರುವುದಿಲ್ಲ.

"ಅರುವತ್ತಮೂರು" ಎಂದರು.

"ಕುಯ್ಲಿನಲ್ಲಿ ನಾಲ್ಕೇನಾ? ದಿನಾ ಬಂದಿದ್ದಳಲ್ಲ ಸಾರ್, ನಾನೇ ನೋಡಿದ್ದೇನೆ."

"ಗಂಡ ನಾಲ್ಕು ದಿನ ನೆಂಟರ ಮದುವೆಗೆ ಹೋಗಿದ್ದ. ಆವಾಗ ಅವಳ ಹೆಸರಿಗೆ ತೂಗಿದ್ದು. ಬಾಕಿ ದಿನ ಅವಳ ಕಾಫಿ ಎಲ್ಲಿಗೆ ಹೋಯಿತು ಅಂತ ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಅಲ್ಲಿ ನಿಂತಲ್ಲೇ, ಆ ಪುಟದ ಮೇಲೆ ಬೆರಳಿಟ್ಟುಕೊಂಡೇ, ನನಗೆ ಎಲ್ಲ ಒಟ್ಟಿಗೆ ಗೊತ್ತಾಯಿತು. ಗಂಡನ ಸಾಲಿನ ದಿನಗಳನ್ನು ಎಣಿಸಿದರೆ, ನಲವತ್ತಮೂರು ದಿನ ಅವಳು ಬಸಿರಲ್ಲಿ ಕಾಫಿ ಕುಯ್ದಿದ್ದಳು. ಆ ನಲವತ್ತಮೂರು ದಿನವೂ ಗಂಡನ ಹೆಸರಿನ ಮುಂದೆ ಕಿಲೋ ಆಗಿ ಕೂತಿದ್ದವು.

ಹೊರಗೆ ಬೆಂಚಿನ ಮೇಲೆ ಕೂತಿದ್ದವಳಿಗೆ ಹೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. "ಹಂಗಾದ್ರೆ ಇನ್ನು ಹದಿನೇಳು ದಿನ" ಎಂದಳು. ಲೆಕ್ಕದಲ್ಲಿ ಚುರುಕು. "ಜೂನಲ್ಲಿ ಮಾಡ್ಬುಡ್ತೀನಿ ಬುಡಿ ಅಕ್ಕ, ಮಳೆ ಜೋರಾಗೋ ಮುಂಚೆ."

ಮಾಡಿಬಿಡುತ್ತಿದ್ದಳು ಕೂಡ. ಆದರೆ ಜೂನಿನ ಮೊದಲ ವಾರ ವಿರಾಜಪೇಟೆಯ ಆಸ್ಪತ್ರೆಯಲ್ಲಿ ಬಿ.ಪಿ. ಜಾಸ್ತಿ ಇದೆ, ಕಾಲು ಊದಿದೆ, ಭಾರದ ಕೆಲಸ ಬೇಡ, ಮಲಗಿರಬೇಕು ಎಂದರು. ಚೀಟಿ ತಂದು ತೋರಿಸಿದಳು. ಗಂಡನೂ ಜೊತೆಗೆ ಬಂದಿದ್ದ.

"ಏನ್ ಮಾಡದು ಮೇಡಂ?" ಎಂದ. "ಸಂಬಳ ಇಲ್ದೆ ಮಲಗ್ಸೋದಾದ್ರೆ ಮಲಗುಸ್ತೀನಿ. ಆದ್ರೆ ಇಷ್ಟ್ ದಿನ ದುಡಿದವ್ಳು ಅವ್ಳು. ಸಿಗೋದು ಸಿಗ್ಬೇಕಲ್ವಾ?"

"ಸಿಗಬೇಕು" ಎಂದೆ. "ಅವಳು ಕೆಲಸ ಮಾಡಿದ್ದಾಳೆ, ಊರೆಲ್ಲ ನೋಡಿದೆ. ಪುಸ್ತಕ ತಿದ್ದಿಸೋಣ. ನೀನು ಮನೇಲಿ ಮಲಗಮ್ಮ. ಕೆಲಸಕ್ಕೆ ಬರಬೇಡ. ನಾನು ನೋಡ್ಕೋತೀನಿ."

ನಾನು ನೋಡ್ಕೋತೀನಿ. ಈ ಮಾತನ್ನು ನಂಬಿ ಅವಳು ಮೂರು ವಾರ ಮನೆಯಲ್ಲಿ ಮಲಗಿದಳು. ಆ ವರ್ಷ ಮಳೆ ತಡ. ಆ ಮೂರು ವಾರವೂ ಬಿಸಿಲಿತ್ತು. ನರ್ಸರಿಯಲ್ಲಿ ನೆರಳಿನಲ್ಲಿ ಕೂತು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವ ಹಗುರ ಕೆಲಸ ಬೇಕಾದಷ್ಟಿತ್ತು.

ನಾನು ಮ್ಯಾನೇಜರ್ ಹತ್ತಿರ ಹೋದೆ. ಅವರನ್ನು ಕೆಟ್ಟವರು ಎಂದರೆ ಸುಳ್ಳಾಗುತ್ತದೆ. ಕೂರಿಸಿ, ಕಾಫಿ ತರಿಸಿ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಾನೇ ಕಳಿಸಿದ್ದ ವರದಿಯನ್ನು ಕಂಪ್ಯೂಟರಿನಲ್ಲಿ ತೆಗೆದು ಹಂಡೆ ಹಿಡಿದವನ ಫೋಟೋ ತೋರಿಸಿದರು.

"ಇವನೇ ಅಲ್ವಾ? ಇವನ ಚೀಲದಲ್ಲಿ ಇವನ ಹೆಂಡತಿಯ ಕಾಫಿ ಇತ್ತು ಅಂತ ನೀವು ಹೇಳ್ತಿದ್ದೀರಿ."

"ಹೌದು ಸಾರ್. ಎಲ್ಲ ಜೋಡಿಯದೂ ಹಾಗೇ."

"ಅದನ್ನು ನೀವು ಹೇಳಿದ್ರಿ, ನಾನಲ್ಲ. ಒಬ್ಬಳ ದಿನ ತಿದ್ದಿದರೆ ಅವನ ತೂಕ ಸುಳ್ಳಾಗ್ತದೆ. ಅವನದು ಸುಳ್ಳಾದರೆ ಇಡೀ ಲೈನಿನದು ಸುಳ್ಳು. ಹೆಚ್ಚಿನ ರೇಟು ಅಂತ ತಗೊಂಡದ್ದನ್ನೆಲ್ಲ ವಾಪಸ್ ಹಿಡೀರಿ ಅಂತ ಹೆಡ್ಡಾಫೀಸ್ ಹೇಳ್ತದೆ. ನಾನು ಬೇಡ ಅಂದ್ರೂ ಕೇಳೋದಿಲ್ಲ. ಎಲ್ಲರೂ ಒಪ್ಪಿ ಸೈನ್ ಹಾಕಿ ಕೊಡಲಿ, ಕಳಿಸ್ತೇನೆ."

ಬಂದವರ ಹಾಜರಿಯನ್ನು ಬರೆಯುವುದು ಎಸ್ಟೇಟಿನ ಕೆಲಸ, ಚೀಲ ಯಾರದಾದರೂ ಇರಲಿ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ನಂಬರೂ ತೆಗೆದಿದ್ದೆ. ಅವರ ಮುಂದೆಯೂ ಹೇಳಿದೆ. "ಬೇಕಾದರೆ ಲೇಬರ್ ಆಫೀಸಿಗೆ ಬರೀರಿ" ಎಂದರು, ಸಿಟ್ಟಿಲ್ಲದೆ. ನಾನು ಬರೆಯಲಿಲ್ಲ. ಕಾಯಂ ಆಗಲು ಇನ್ನೂ ಎಂಟು ತಿಂಗಳಿತ್ತು. ಊರಲ್ಲಿ ಅಪ್ಪ ನನ್ನ ಕೆಲಸದ ಆರ್ಡರ್ ಕಾಪಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಬದಲಿಗೆ ಲೈನಿಗೆ ಹೋದೆ. ಒಂದು ಕಾಗದದಲ್ಲಿ ನಡೆದದ್ದನ್ನೆಲ್ಲ ಬರೆದುಕೊಂಡು, ಕೆಳಗೆ ಸೈನಿಗೆ ಜಾಗ ಬಿಟ್ಟು. ಸಂಜೆ ಐದೂವರೆ, ಎಲ್ಲರೂ ಕೆಲಸ ಮುಗಿಸಿ ಬಂದು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಓದಿ ಹೇಳಿದೆ. ಅಜ್ಜಿಯೇ ಮೊದಲು ಬಾಯಿ ಬಿಟ್ಟಳು, ಈ ಸಲ ನಗಿಸಲು ಅಲ್ಲ.

"ಇದ್ಕೆ ಹೆಬ್ಬೆಟ್ಟು ಒತ್ತುದ್ರೆ ಏನಾಯ್ತದೆ, ಅದ್ನೂ ಓದವ್ವ."

"ಹೆಚ್ಚಿನ ರೇಟಿನ ವಿಷಯ ಹೆಡ್ಡಾಫೀಸ್ ಕೇಳಬಹುದು ಅಜ್ಜಿ."

"ಕೇಳದಲ್ಲ, ಕಿತ್ಕೊಳ್ಳದು. ನೀನು ಓದ್ದೋಳು, ನೀನು ಕೇಳದು ಅಂತೀಯ." ಕೈಯ ನೀರು ಕೊಡವಿಕೊಂಡಳು. "ಮೂವತ್ತು ವರ್ಸದಿಂದ ಜೋಡಿ ಚೀಲ ನಡೀತಾದೆ. ನಿಮ್ಮವ್ವ ಸುರೀಲಿಲ್ವಾ? ನೀನು ಓದಿದ್ದು ಯಾವ ಚೀಲ್ದಲ್ಲಿ?"

ಹುಡುಗಿಯ ಗಂಡ ಮುಂದೆ ಬಂದು ಪೆನ್ನು ಕೇಳಿದ. "ನಾನು ಹಾಕ್ತೀನಿ. ಹಂಡೆ ಬೇಕಾದ್ರೆ ವಾಪಸ್ ತಗೊಳ್ಲಿ." ಅವನ ಹಿಂದಿನಿಂದ ಒಬ್ಬ ಕೂಗಿದ: "ಹಂಡೆ ಕೊಡೋಕೆ ನಿಂದು ಕಣಯ್ಯ, ನಮ್ ಮನೆ ಅನ್ನ ನಿಂದಾ?" ಇನ್ನೊಬ್ಬಳು, "ಎಲ್ರೂ ಹೆತ್ತವ್ರೇ ಇಲ್ಲಿ. ಇವ್ಳೊಬ್ಬಳೇ ರಾಣಿ" ಎಂದಳು. ಮಾತು ಬೆಳೆಯುತ್ತಿದ್ದ ಹಾಗೆ ಅವಳು ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದು ನಿಂತು, ಗಂಡನಿಗೆ ಅಲ್ಲ, ನನಗೆ ಹೇಳಿದಳು.

"ಬ್ಯಾಡ ಅಕ್ಕ. ಹರಿದಾಕಿ. ನಾಳೆ ನಾವು ಇವ್ರ ಜೊತೇಲೇ ಇರ್ಬೇಕು."

ನಾನು ಹರಿದು ಹಾಕಲಿಲ್ಲ. ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮಾರನೆಯ ದಿನ ರೈಟರ್ ಹತ್ತಿರ ಹೋಗಿ ನಾಚಿಕೆ ಬಿಟ್ಟು ಕೇಳಿದೆ. "ಹದಿನೇಳು ದಿನ ತಾನೇ ಸಾರ್. ಅವಳು ಮನೇಲೇ ಇರಲಿ, ನೀವು ಹೆಸರು ಬರೆದುಕೊಂಡು ಬಿಡಿ."

ಅವರು ಕನ್ನಡಕ ತೆಗೆದು ಒರೆಸಿದರು.

"ಮೇಡಂ, ಈ ಪುಸ್ತಕದಲ್ಲಿ ನಾನು ಸತ್ತವರನ್ನೂ ಎರಡು ದಿನ ಬದುಕಿಸಿದ್ದುಂಟು. ನೀವು ಮೇಲೆ ಹೋಗುವ ಮುಂಚೆ ನನ್ನ ಹತ್ತಿರ ಬರಬೇಕಿತ್ತು. ಈಗ ಮ್ಯಾನೇಜರ್ ದಿನಾ ಸಂಜೆ ಪುಸ್ತಕ ತರಿಸಿ, ಸ್ಥಳಕ್ಕೆ ಹೋಗಿ ತಲೆ ಎಣಿಸ್ತಾರೆ. ಈಗ ಎಂತ ಮಾಡುದು? ಆಗುದಿಲ್ಲ."

ಪುಸ್ತಕ ಸರಿಯಿರಬೇಕು ಎಂದು ನಾನು ಹೋರಾಡಿದ್ದೆ. ಈಗ ಪುಸ್ತಕ ಸರಿಯಾಗಿತ್ತು.

ಜೂನ್ ಕೊನೆಯ ವಾರ ಅವಳು ಕೆಲಸಕ್ಕೆ ಬಂದಳು. ಹಿಂದಿನ ದಿನವೇ ಮಳೆ ಹಿಡಿದಿತ್ತು. ಬೇಡಮ್ಮ, ಡಾಕ್ಟರ್ ಮಲಗು ಅಂದಿದ್ದಾರಲ್ಲ ಎಂದೆ. "ಮಲಗಿದ್ರೆ ಇಪ್ಪತ್ತಾರು ವಾರ ಹೋಯ್ತದಲ್ಲ ಅಕ್ಕ. ಹದಿನೇಳು ದಿನಕ್ಕೆ ಇಪ್ಪತ್ತಾರು ವಾರ. ಕೂಸು ಹುಟ್ಟಿದ್ ಮೇಲೆ ಅದ್ರ ಜೊತೆ ಇರ್ಬೋದು" ಎಂದಳು. ಲೈನಿನ ಹೆಂಗಸರು ಹೆತ್ತ ಎರಡು ತಿಂಗಳಿಗೆಲ್ಲ ಕೂಸನ್ನು ಶಿಶುವಿಹಾರದ ಆಯಾಳ ಕೈಗೆ ಕೊಟ್ಟು ಕೆಲಸಕ್ಕೆ ಬರುವುದನ್ನು ಅವಳು ನೋಡಿದ್ದಳು. ಆರು ತಿಂಗಳು ಮಗುವಿನ ಜೊತೆ ಮನೆಯಲ್ಲಿರುವುದು ಅವಳ ಆಸೆ. ಆ ಆಸೆಯನ್ನು ಹುಟ್ಟಿಸಿದವಳು ನಾನು, ಚಾರ್ಟು ಬರೆದು, ಕೆಂಪು ಗೆರೆ ಎಳೆದು.

ಮನೆಯಲ್ಲೇ ಇರು ಎಂದು ನಾನು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಿದ್ದೇನೆ ಎಂದು ಕೆಲವು ದಿನ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೂ ಉಂಟು. ನಿಜ ಏನೆಂದರೆ ನಾನು ಅವಳ ಜೊತೆ ಎಣಿಸುತ್ತಿದ್ದೆ.

ಮೊದಲ ಆರು ದಿನ ರೈಟರ್ ಅವಳಿಗೆ ನರ್ಸರಿಯಲ್ಲಿ ಕೆಲಸ ಕೊಟ್ಟರು. ಶೆಡ್ಡಿನ ಕೆಳಗೆ ಕೂತು ಮಾಡುವುದು, ಪರವಾಗಿಲ್ಲ. ಆ ಕೆಲಸ ಮುಗಿಯಿತು, ಮುಂದಿನದು ತೋಟದೊಳಗೆ ಕಾಫಿ ಗಿಡಗಳ ಬೇಡದ ಚಿಗುರು ಮುರಿಯುವುದು. ಆಮೇಲೆ ಮಳೆಗೆ ಎರಡು ದಿನ ಎಸ್ಟೇಟ್ ಮುಚ್ಚಿತು. ಮತ್ತೆ ಮೂರು ದಿನ ಆನೆ. ಹೊಳೆ ಬದಿಯ ಬ್ಲಾಕಿನಲ್ಲಿ ಮರಿ ಹಾಕಿದ ಆನೆಯ ಗುಂಪು ನಿಂತುಬಿಟ್ಟಿತ್ತು. ಬೆಳಿಗ್ಗೆ ಬಂದವರನ್ನೆಲ್ಲ ಹಿಂದೆ ಕಳಿಸಿದರು. ಹಿಂದೆ ಹೋದವರಿಗೆ ಹಾಜರಿಯಿಲ್ಲ. ಆ ಮೂರು ದಿನವೂ ಅವಳು ಪ್ಲಾಸ್ಟಿಕ್ ಹೊದ್ದು, ಊದಿದ ಕಾಲಿಗೆ ಗಂಡನ ಬೂಟು ಹಾಕಿಕೊಂಡು ಬಂದು, ಗೇಟಿನ ಹತ್ತಿರ ಒಂಬತ್ತರವರೆಗೆ ಕಾದು ವಾಪಸು ಹೋದಳು. "ಆ ಆನೆಗೂ ಹೆರಿಗೆ ರಜೆ ಕಣವ್ವ" ಎಂದು ಅಜ್ಜಿ ನಗಾಡಿದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತದ ಅದೇ ಅಜ್ಜಿ ದಿನಾ ಅವಳ ಬುತ್ತಿ ಹೊರುತ್ತಿದ್ದಳು. ಮಧ್ಯಾಹ್ನ ತನ್ನ ಪಾಲಿನ ಗಿಡಗಳ ಜೊತೆ ಅವಳ ಪಾಲಿನ ಗಿಡಗಳ ಚಿಗುರನ್ನೂ ಮುರಿದು ಮುಗಿಸುತ್ತಿದ್ದಳು.

ಜುಲೈ ಮೂರನೆಯ ವಾರ ಒಮ್ಮೆ ನಾನು ಬ್ಲಾಕಿಗೆ ಹೋದಾಗ ಅವಳು ಸಿಲ್ವರ್ ಮರಕ್ಕೆ ಒರಗಿ ನಿಂತಿದ್ದಳು. ಮುಖ ದಪ್ಪಗಾಗಿತ್ತು, ಕಣ್ಣು ಒಳಗೆ ಹೋಗಿದ್ದವು.

"ತಲೆನೋವಾ?"

"ವಸಿ. ಎಪ್ಪತ್ತಾರಾಯ್ತು ಅಕ್ಕ."

"ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿದ್ಯಾ?"

"ಹೋದ್ರೆ ಒಂದಿನ ಹೋಯ್ತದೆ. ಇನ್ನು ನಾಲ್ಕೇ. ಆಮೇಲೆ ಹೋಯ್ತೀನಿ."

ನಾನು ಸರಿ ಎಂದೆ. ಬ್ಯಾಗಿನಲ್ಲಿದ್ದ ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟೆ. ಎಸ್ಟೇಟಿನ ಜೀಪು ಅಲ್ಲೇ ರಸ್ತೆಯಲ್ಲಿ ನಿಂತಿತ್ತು.

ಜುಲೈ ಕೊನೆಗೆ ಎಂಬತ್ತು ಆಯಿತು. ಅವಳೇ ಬಂದು ಅರ್ಜಿಗೆ ಸೈನ್ ಹಾಕಿದಳು. ದುಂಡನೆಯ ಅಕ್ಷರ, ತಂದೆಯ ಹೆಸರಿನ ಮೊದಲಕ್ಷರವನ್ನು ಮೊದಲು ಬರೆದು ಚುಕ್ಕಿ ಇಟ್ಟಳು. ಗಂಡ ಲೈನಿಗೆಲ್ಲ ಮೈಸೂರು ಪಾಕು ಹಂಚಿದ. ರಜೆ ಶುರುವಾಯಿತು.

ರಜೆಯ ಐದನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದವಳು, ಕಣ್ಣು ಮಂಜು ಮಂಜು ಎಂದಳಂತೆ. ಅಷ್ಟರಲ್ಲಿ ಫಿಟ್ಸ್ ಬಂತು. ಎಸ್ಟೇಟಿನ ಜೀಪಿನಲ್ಲಿ ವಿರಾಜಪೇಟೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ ಒಯ್ದರು. ಅವಳು ಉಳಿದಳು. ಹೊಟ್ಟೆಯಲ್ಲಿದ್ದದ್ದು ಹೆಣ್ಣು. ಉಳಿಯಲಿಲ್ಲ.

ನಾನು ಮೈಸೂರಿಗೆ ಹೋಗಿ ಬಂದೆ. ವಾರ್ಡಿನ ಹೊರಗೆ ಗಂಡ ನೆಲದ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನು ಎದ್ದು ನಿಂತದ್ದಕ್ಕೆ, ಬೈದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ನೋವಾಯಿತು.

"ಮೇಡಂ, ಬಿಸ್ಲಿದ್ದಾಗ ಮೂರು ವಾರ ಮನೇಲಿದ್ಲಲ್ಲ" ಎಂದ. ದೂರಿದ್ದಲ್ಲ. ಏನೋ ಒಂದು ಲೆಕ್ಕ ಅವನ ತಲೆಯಲ್ಲಿ ತಿರುಗುತ್ತಿತ್ತು, ಅದು ಹೊರಗೆ ಬಂತು. "ಆವಾಗ್ಲೇ ನರ್ಸರೀಲಿ ಮಾಡಿದ್ದಿದ್ರೆ..."

ಹತ್ತು ದಿನಕ್ಕೆ ಹೆಡ್ಡಾಫೀಸಿನಿಂದ ಪತ್ರ ಬಂತು. ಅರ್ಜಿ ಮಂಜೂರು. ಕಾನೂನಿನಲ್ಲಿ ಸತ್ತು ಹುಟ್ಟಿದ ಮಗುವೂ ಮಗುವೇ. ಪೂರ್ತಿ ಇಪ್ಪತ್ತಾರು ವಾರ. ದಾಖಲೆಗಳು ಅಚ್ಚುಕಟ್ಟಾಗಿವೆ ಎಂದು ಕೆಳಗೆ ಯಾರೋ ಒಂದು ಸಾಲು ಬರೆದಿದ್ದರು. ನಾನು ಆವರೆಗೆ ಕಳಿಸಿದ ಅರ್ಜಿಗಳಲ್ಲಿ ಒಂದೂ ಪ್ರಶ್ನೆಯಿಲ್ಲದೆ ಪಾಸಾದದ್ದು ಅದೊಂದೇ.

ಪತ್ರದ ವಿಷಯ ಅವಳಿಗೆ ಹೇಳಬೇಕಾದವಳು ನಾನೇ. ಹೇಗೆ ಹೇಳಲಿ ಎಂದು ಎರಡು ದಿನ ತಳ್ಳಿದೆ. ಮೂರನೆಯ ದಿನ ಅವಳೇ ಆಫೀಸಿಗೆ ಬಂದಳು, ಬೆಳಿಗ್ಗೆ ಏಳೂವರೆಗೆ. ಕೆಲಸಕ್ಕೆ ಹೋಗುವ ಹಳೆಯ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿ, ಬುತ್ತಿ ಹಿಡಿದು. ಅಂಗಿಯ ಎದೆಯ ಭಾಗ ಎರಡು ಕಡೆ ಒದ್ದೆಯಾಗಿತ್ತು. ಹೊರಗೆ ಆ ಹೊತ್ತಿಗೆ ಮಳೆ ಇರಲಿಲ್ಲ.

"ರೈಟ್ರು ಹೆಸ್ರು ಬರ್ಕೊಳ್ಳಲ್ಲ ಅಂತಾರೆ ಅಕ್ಕ. ನಿಮ್ಮನ್ನ ಕೇಳು ಅಂದ್ರು."

"ರಜೆ ಮಂಜೂರಾಗಿದೆ ಕಣಮ್ಮ. ಪೂರ್ತಿ. ಜನವರಿಯವರೆಗೆ ನೀನು ಬರೋದು ಬೇಡ, ಸಂಬಳ ಬರ್ತದೆ."

"ನಂಗೆ ರಜೆ ಬ್ಯಾಡ."

"ಮೈಯಲ್ಲಿ ಇನ್ನೂ ಶಕ್ತಿ ಇಲ್ಲ..."

"ಆ ಮನೇಲಿ ಏನ್ ಮಾಡ್ಲಿ ನಾನು?" ಎಂದಳು. ದನಿ ಏರಿಸಲಿಲ್ಲ. "ಎಲ್ರೂ ಏಳಕ್ಕೆ ಕೆಲ್ಸಕ್ಕೆ ಹೋಯ್ತಾರೆ. ಸಂಜೆವರ್ಗೂ ಲೈನಲ್ಲಿ ನಾನೊಬ್ಳೇ. ಪಕ್ಕದಲ್ಲೇ ಶಿಶುವಿಹಾರ. ಕೂಸ್ಗಳು ಅಳೋದಕ್ಕೆ ಕಿವಿ ಮುಚ್ಚೋಕಾಯ್ತದಾ? ಕೆಲ್ಸ ಕೊಡಿ ಅಕ್ಕ. ಯಾವ್ದಾದ್ರೂ."

ನಾನು ಏನು ಮಾಡಬೇಕು? ನನಗೆ ಗೊತ್ತಿದ್ದದ್ದನ್ನು ಮಾಡಿದೆ. ತಿಳಿಸಿ ಹೇಳಿದೆ. ಹೆರಿಗೆಯಾದ ಆರು ವಾರ ಯಾವ ಹೆಂಗಸನ್ನೂ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ, ಅವಳೇ ಕೇಳಿದರೂ ಇಲ್ಲ. ಆರು ವಾರ ಆದ ಮೇಲೆ ಬೇಕೆಂದರೆ ಬರಬಹುದು, ಆದರೆ ಬಂದ ದಿನದಿಂದ ಉಳಿದ ರಜೆ ಹೋಗುತ್ತದೆ. ಒಂದೊಂದೇ ಮಾತನ್ನು ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆವತ್ತು ನಾನ್ ಬಂದಾಗ ದಿನ ಕಮ್ಮಿ ಅಂದ್ರಿ."

"ಹೌದು."

"ಈಗ ದಿನ ಇದ್ದಾವೆ ಅಂತೀರಿ."

"ಹೌದಮ್ಮ."

"ಆರು ವಾರ ಯಾವತ್ತಿಗೆ ಮುಗೀತದೆ, ಬರ್ಕೊಡಿ."

ಒಂದು ಚೀಟಿಯಲ್ಲಿ ತಾರೀಖು ಬರೆದು ಕೊಟ್ಟೆ. ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚೀಟಿಯನ್ನು ಎರಡು ಸಲ ಓದಿದಳು. ವಾಪಸು ಲೈನಿನ ಕಡೆಗೇ ಹೋದಳು, ಬೇರೆ ಹೋಗಲು ಜಾಗವಿರಲಿಲ್ಲ. ನಡುವೆ ಶಿಶುವಿಹಾರದ ಮುಂದೆ ಹಾದು ಹೋಗಬೇಕು. ಅಲ್ಲಿಗೆ ಬಂದಾಗ ರಸ್ತೆ ಬಿಟ್ಟು, ಮೊಣಕಾಲುದ್ದ ಹುಲ್ಲಿನಲ್ಲಿ ಇಳಿದು, ಹಿಂಬದಿಯಿಂದ ಸುತ್ತಿ ಹೋದಳು. ಜಿಗಣೆ ತುಂಬಿದ ಜಾಗ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಕರೆಯಬೇಕು ಅನ್ನಿಸಿತು. ಕರೆದು ಏನು ಹೇಳುವುದು?

ಚೀಟಿಯಲ್ಲಿ ಬರೆದ ತಾರೀಖಿನ ಬೆಳಿಗ್ಗೆ ಗೇಟಿನ ಹತ್ತಿರ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಉಳಿದ ರಜೆ ಬೇಡ ಎಂಬ ಕಾಗದವನ್ನು ನಾನೇ ಬರೆದು ಕೊಟ್ಟೆ, ಅವಳು ಸೈನ್ ಹಾಕಿದಳು. ರೈಟರ್ ಅವಳ ಮುಖ ನೋಡದೆ ಹೆಸರು ಬರೆದುಕೊಂಡು, ಹೊಳೆ ಬದಿಯ ಬ್ಲಾಕಿನಲ್ಲಿ ಕಳೆ ಕೊಚ್ಚುವವರ ಜೊತೆ ಹೋಗಲು ಹೇಳಿದರು.